ಸಶಿಶು ನೌಕಾಯಾನ ಮೀಮಾಂಸೆ: ಡೋವರ್–ಕ್ಯಾಲೆ ಪ್ರಕರಣ

ಮಕ್ಕಳನ್ನು ಕಟ್ಟಿಕೊಂಡು ಡೋವರ್‌ನಿಂದ ಕ್ಯಾಲೆಗೆ ಫೆರ್ರಿಯಲ್ಲಿ ಹೋಗುವವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ: ಗಡಿ ಎಲ್ಲಿದೆ?

ಕಡಲಿನ ನಟ್ಟನಡುವೆ ಎಂಬುದು ಪೂರ್ವಪಕ್ಷ. ಹೀಗೆ ವಾದಿಸುವವರು ಭೂಪಟ ಬಲ್ಲವರು, ಬಹುಶಃ ಮಕ್ಕಳಿಲ್ಲದವರು. ಏಕೆಂದರೆ ಫ್ರಾನ್ಸಿನ ಗಡಿ ಪೊಲೀಸರು ಕೂತಿರುವುದು ಡೋವರ್ ಬಂದರಿನಲ್ಲೇ, ಇಂಗ್ಲೆಂಡಿನ ನೆಲದ ಮೇಲೆ. ಕಾರಿನ ಹಿಂದಿನ ಗಾಜು ಇಳಿಸಿ ಮಕ್ಕಳ ಮುಖ ತೋರಿಸಬೇಕು. ಮಕ್ಕಳ ಪಾಸ್‌ಪೋರ್ಟು 5 ವರ್ಷ ನಡೆಯುವುದರಿಂದ, ಬೊಚ್ಚುಬಾಯಿಯ ಕೂಸಿನ ಫೋಟೋ ಹಿಡಿದು ಚಾಕೊಲೆಟ್ ಮೆತ್ತಿಕೊಂಡ ನಾಲ್ಕು ವರ್ಷದ ಮುಖವನ್ನು ಗುರುತು ಹಚ್ಚುವುದು ಅಧಿಕಾರಿಗಳ ಪಾಲಿನ ಕರ್ಮ. ಅನುಮಾನ ಪ್ರಮಾಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನ್ಯಾಯಶಾಸ್ತ್ರದಲ್ಲೂ ಸಿಗಲಿಕ್ಕಿಲ್ಲ.

ಕನ್ನಡ ಕುಟುಂಬಗಳ ಮಟ್ಟಿಗೆ ಗಡಿ ಸ್ಟೀಲ್ ಡಬ್ಬಿಯೊಳಕ್ಕೂ ಚಾಚಿದೆ. ಬ್ರಿಟನ್ನಿನಿಂದ ಹೋಗುವವರು 2021ರಿಂದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಹಸುಗೂಸಿನ ಹಾಲಿನ ಪುಡಿಗೆ ವಿನಾಯಿತಿ ಉಂಟು, ಮೊಸರನ್ನಕ್ಕಿಲ್ಲ. ಆದ್ದರಿಂದ ಕ್ಯಾಲೆ ಮುಟ್ಟುವುದರೊಳಗೆ ಅದು ಹೊಟ್ಟೆ ಸೇರತಕ್ಕದ್ದು. ಅಲೆ ಜೋರಿದ್ದ ದಿನ ಸೇರಿದ್ದು ವಾಪಸು ಬಂದರೆ ಅದು ಆಮದೋ ರಫ್ತೋ ಎಂಬಲ್ಲಿ ಮತಭೇದವಿದೆ. ಒಳಗಿವಿ ಹೇಳುವ ಓಲಾಟ ಕಣ್ಣಿಗೆ ಕಾಣದಿದ್ದಾಗ ಹೊಟ್ಟೆ ತೊಳಸುತ್ತದೆ, ಹೊರಗೆ ಕರೆದೊಯ್ದು ದಿಗಂತ ತೋರಿಸಿ ಎನ್ನುತ್ತಾರೆ ಬಲ್ಲವರು. ತೋರಿಸಬಹುದು. ಮಗು ನೋಡುವುದು ಮೊಬೈಲನ್ನೇ.

ಇನ್ನು ಸಿದ್ಧಾಂತ. ನಿಜವಾದ ಗಡಿಯೆಂದರೆ ಕಾರುಗಳ ಡೆಕ್ಕಿನ ಬಾಗಿಲು. ಹಡಗು ಹೊರಟ ಮೇಲೆ ಪ್ರಯಾಣಿಕರು ಅತ್ತ ಇಳಿಯುವಂತಿಲ್ಲ. ಬಾಗಿಲು ಮುಚ್ಚಿದ ಮರುಗಳಿಗೆಯೇ ಮಗುವಿಗೆ ಮೊಲದ ಗೊಂಬೆ ನೆನಪಾಗುತ್ತದೆ. ಒಂದು ಕಿವಿ ಹರಿದ, ಚೀಪಿ ಚೀಪಿ ಬಣ್ಣಗೆಟ್ಟ ಆ ಮೊಲ ಕೆಳಗೆ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದೆ. ಬೆಲ್ಟ್ ಹಾಕಿದ್ದು ಮಗುವೇ.

“ಅಪ್ಪಾ, ಮೊಲ ತಗೊಂಡ್ ಬಾ.”

“ಬಾಗಿಲು ಹಾಕಿದಾರೆ ಕಂದಾ.”

“ತೆಗಿ ಅನ್ನು.”

ಇಲ್ಲಿಂದ ಮುಂದೆ ವೀಸಾ, ಒಪ್ಪಂದ, ರಾಯಭಾರಿ ಯಾವುದೂ ನಡೆಯದು. ಅಂಗಡಿಯಲ್ಲಿ ಕೊಳ್ಳುವ ಹೊಸ ಮೊಲವನ್ನು ಮಗು ಕಣ್ಣೆತ್ತಿಯೂ ನೋಡುವುದಿಲ್ಲ, ಹಣ ಮಾತ್ರ ಹೋಗುತ್ತದೆ.

1875ರಲ್ಲಿ ಮ್ಯಾಥ್ಯೂ ವೆಬ್ ಇದೇ ಕಡಲ್ಗಾಲುವೆಯನ್ನು ಸುಮಾರು 22 ಗಂಟೆಗಳಲ್ಲಿ ಈಜಿ ದಾಟಿದರು. ಫೆರ್ರಿಗೆ ಹಿಡಿಯುವುದು ಒಂದೂವರೆ ಗಂಟೆ. ಹಾಗಾದರೆ ವೆಬ್ ಪಟ್ಟ ಕಷ್ಟವೇ ಹೆಚ್ಚಲ್ಲವೇ ಎಂಬ ಆಕ್ಷೇಪ ಬರಬಹುದು. ಅವರ ಜೊತೆಗೆ ಮಕ್ಕಳಿರಲಿಲ್ಲವಾದ್ದರಿಂದ ಅದು ಪರಿಗಣನೆಗೆ ಅರ್ಹವಲ್ಲ.

ಉಳಿದದ್ದು ಕಾಲವಿಚಾರ. ಫ್ರಾನ್ಸಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ, ಮರಳುವಾಗ ಸಂಜೆ ಏಳಕ್ಕೆ ಕ್ಯಾಲೆ ಬಿಟ್ಟರೆ ಡೋವರ್‌ನಲ್ಲಿ ಏಳೂವರೆ. ಮಲಗುವ ಹೊತ್ತು ಎಂಟು. ಗಡಿಯಾರ ಹಿಂದಿಟ್ಟಾಗ ಸಿಕ್ಕ ಆ ಒಂದು ಗಂಟೆ ತಮ್ಮದೆಂದು ಮಕ್ಕಳು ಹೂಡುವ ದಾವೆಯಲ್ಲಿ ತಂದೆತಾಯಿ ಗೆದ್ದ ನಿದರ್ಶನ ಪ್ರಬಂಧಕಾರರಿಗೆ ಈವರೆಗೆ ಸಿಕ್ಕಿಲ್ಲ.