ಒಪ್ಪಣಕಾರ ಬೀದಿಯ ಡೇಟು

ಕೊಯಮತ್ತೂರಿನಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಬೇಕೆಂದರೆ ಜಾಗಕ್ಕೇನೂ ಬರವಿಲ್ಲ. ಬ್ರೂಕ್‌ಫೀಲ್ಡ್ಸ್ ಮಾಲ್ ಇದೆ. ಏಸಿಯಲ್ಲಿ ಯಾರಾದರೂ ಚೆನ್ನಾಗಿಯೇ ಕಾಣುತ್ತಾರೆ. ರೇಸ್‌ಕೋರ್ಸ್ ಸುತ್ತ ಎರಡೂವರೆ ಕಿಲೋಮೀಟರ್ ಕಾಲುದಾರಿ ಇದೆ. ಅಲ್ಲಿ ಅರ್ಧ ಜನ ಸಕ್ಕರೆ ಕಾಯಿಲೆಗೆ ನಡೆಯುತ್ತಾರೆ, ಉಳಿದರ್ಧ ಸಕ್ಕರೆ ಮಾತಿಗೆ. ಇದನ್ನೆಲ್ಲ ಬಿಟ್ಟು, ‘ಟೌನ್‌ಹಾಲ್ ಹತ್ರ ಬನ್ನಿ, ಹಳೇ ಪೇಟೆ ಸುತ್ತೋಣ’ ಅನ್ನುವ ಹುಡುಗನ ಬಗ್ಗೆ ನೀವೇನಂದುಕೊಳ್ಳುತ್ತೀರಿ? ನಾನಂತೂ ಜಿಪುಣ ಅಂದುಕೊಂಡೆ. ಆ ಅಭಿಪ್ರಾಯ ಈಗಲೂ ಪೂರ್ತಿ ಬದಲಾಗಿಲ್ಲ.

ಹುಡುಗ ದೇವಾಂಗರ ಪೈಕಿ. ಮನೆ ಶುಕ್ರವಾರಪೇಟೆಯಲ್ಲಿ, ಕೆಲಸ ಕಾಂಗೇಯಂನ ಕೊಬ್ಬರಿ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ನೋಡುವುದು. ಮನೆಮಾತು ಕನ್ನಡ. ಕೊಯಮತ್ತೂರಿನ ಸುತ್ತ ಮಗ್ಗದ ಸದ್ದು ಕೇಳುವ ಊರುಗಳಲ್ಲಿ ದೇವಾಂಗರ ಮನೆಯೊಳಗೆ ಕನ್ನಡ ಇನ್ನೂ ಓಡಾಡಿಕೊಂಡಿದೆ, ಆದರೆ ಅಕ್ಷರ ಮಾತ್ರ ತಮಿಳು. ಹಾಗಾಗಿ ನಾನು ಇಲ್ಲಿ ಏನು ಬರೆದರೂ ಅವನಿಗೆ ಓದಲು ಬರುವುದಿಲ್ಲ. ಅದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಕೊಂಗುನಾಡಿನವರು ಯಾವ ಮಾತಿಗೂ ಬಾಲಕ್ಕೊಂದು ಮರ್ಯಾದೆಯ ‘ಂಗ’ ಅಂಟಿಸದೆ ಬಿಡುವವರಲ್ಲ. ಇವನು ಅದನ್ನು ಕನ್ನಡಕ್ಕೂ ಅಂಟಿಸುತ್ತಾನೆ: ‘ನೋಡಿಂಗ, ಬನ್ನಿಂಗ.’ ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ?

ಶುರುವಾಗಿದ್ದು ಮಣಿಕೂಂಡಿನಿಂದ, ಅಂದರೆ ಗಡಿಯಾರದ ಗೋಪುರದಿಂದ. ತಿರುವೆಂಗಡಸ್ವಾಮಿ ಮೊದಲಿಯಾರರ ನೆನಪಿಗೆ 1877ರಲ್ಲಿ ಕಟ್ಟಿದ್ದು ಅಂದ. ನಾಲ್ಕು ಹೆಜ್ಜೆ ಆಚೆ ವಿಕ್ಟೋರಿಯಾ ಟೌನ್‌ಹಾಲ್, 1892. ರಾಣಿಯ ಜ್ಯುಬಿಲಿಯ ನೆಪದಲ್ಲಿ ಅದನ್ನು ಕಟ್ಟಿಸಲು ಓಡಾಡಿದವರು ನರಸಿಂಹಲು ನಾಯ್ಡು. ಸಿರುವಾಣಿಯ ಸಿಹಿನೀರು ಊರಿಗೆ ಬರಬೇಕೆಂದು ಹಟ ಹಿಡಿದವರಲ್ಲಿ ಮೊದಲಿಗರೂ ಅವರೇ ಅಂತೆ. ಒಪ್ಪಣಕಾರ ಬೀದಿಯ ಅತ್ತರ್ ಜಮಾತ್ ಮಸೀದಿಗೆ 1904. ಲೆಕ್ಕ ಬರೆಯುವವರಿಗೆ ಇಸವಿ ಅಂದರೆ ಬಡ್ಡಿಯಷ್ಟೇ ಪ್ರೀತಿ. ಪೇಟೆಯಲ್ಲಿ ಯಾವ ಕಟ್ಟಡ ಯಾವಾಗ ಹುಟ್ಟಿತು ಎಂದೆಲ್ಲ ಹೇಳಿದವನು ನನ್ನ ಹುಟ್ಟುಹಬ್ಬ ಯಾವತ್ತು ಅಂತ ಮಾತ್ರ ಕೇಳಲಿಲ್ಲ.

ಕೋಟೆಮೇಡಿಗೆ ಬಂದಾಗ ನನ್ನ ಮೈಸೂರು ಎದ್ದು ಕೂತಿತು. ‘ಕೋಟೆ ಎಲ್ಲಿ?’ ಅಂದೆ. ಮೇಡು ಇದೆ, ಸಂಗಮೇಶ್ವರನ ಗುಡಿ ಇದೆ, ಬಿರಿಯಾನಿಯ ಘಮ ಇದೆ, ಗಲ್ಲಿಯ ತುಂಬ ಸ್ಕೂಟರ್ ಇದೆ. ಕೋಟೆ ಮಾತ್ರ ಇಲ್ಲ. ‘ನಿಮ್ಮೂರಿನವರನ್ನೇ ಕೇಳಿಂಗ’ ಅಂದ. ಕೇಳುವುದೇನು, ಇತಿಹಾಸ ನನಗೂ ಸ್ವಲ್ಪ ಗೊತ್ತು. 1791ರಲ್ಲಿ ಚಾಮರ್ಸ್ ಎಂಬ ಕಂಪನಿಯ ಲೆಫ್ಟಿನೆಂಟ್ ಈ ಕೋಟೆಯೊಳಗೆ ಕೂತು ಜೂನ್‌ನಿಂದ ನವೆಂಬರ್‌ವರೆಗೆ ಟಿಪ್ಪುವಿನ ಸೈನ್ಯವನ್ನು ತಡೆದ. ಕೊನೆಗೆ ಖಮರುದ್ದೀನ್ ಖಾನನಿಗೆ ಶರಣಾದ. ಎಂಟು ವರ್ಷ ಕಳೆದು ಶ್ರೀರಂಗಪಟ್ಟಣ ಬಿದ್ದ ಮೇಲೆ ಊರು ಕಂಪನಿಯ ಪಾಲಾಯಿತು. ‘ಅಲ್ಲಿಯವರೆಗೆ ನಾವೇ ನಿಮ್ಮ ಒಡೆಯರು’ ಅಂದೆ. ‘ಆಗ ಕಟ್ಟಿದ ಕಂದಾಯದ ರಸೀದಿ ಇದ್ದರೆ ತೋರಿಸಿಂಗ’ ಅಂದ. ಲೆಕ್ಕಿಗನ ಬುದ್ಧಿ ಎಲ್ಲಿ ಹೋಗುತ್ತದೆ!

ರಂಗೈ ಗೌಡರ್ ಬೀದಿ ಸಗಟು ವ್ಯಾಪಾರದ್ದು: ಬೇಳೆ, ಮೆಣಸಿನಕಾಯಿ, ಲಾರಿ, ತಲೆಯ ಮೇಲೆ ಮೂಟೆ. ಯಾರಿಗಾದರೂ ಮನಸ್ಸಿನ ಮಾತು ಹೇಳುವುದಿದ್ದರೆ ದಯವಿಟ್ಟು ಇಲ್ಲಿ ಹೇಳಬೇಡಿ. ಅವನು ಏನೋ ಗಂಭೀರವಾಗಿ ಶುರು ಮಾಡಿದ, ನಾನು ಸೀನಿದೆ, ಅವನೂ ಸೀನಿದ, ಮೂಟೆ ಹೊತ್ತವರು ‘ದಾರಿ ಬಿಡಿ’ ಅಂತ ಕೂಗಿದರು. ಅದೇನೆಂದು ಇವತ್ತಿಗೂ ಹೇಳಿಲ್ಲ.

ಅದನ್ನು ವೆರೈಟಿ ಹಾಲ್ ರಸ್ತೆಯಲ್ಲಿ ಹೇಳಬಹುದಿತ್ತು. ತಿರುಚ್ಚಿಯಲ್ಲಿ ರೈಲ್ವೆ ನೌಕರನಾಗಿದ್ದ ಸಾಮಿಕ್ಕಣ್ಣು ವಿನ್ಸೆಂಟ್ 1905ರಲ್ಲಿ ಡ್ಯೂಪಾಂಟ್ ಎಂಬ ಫ್ರೆಂಚನಿಂದ ಪ್ರೊಜೆಕ್ಟರ್ ಕೊಂಡ, ಊರೂರು ತಿರುಗಿ ಡೇರೆಯಲ್ಲಿ ಚಿತ್ರ ತೋರಿಸಿದ. ಕೊನೆಗೆ 1914ರಲ್ಲಿ ಇಲ್ಲಿ ವೆರೈಟಿ ಹಾಲ್ ಕಟ್ಟಿದ. ದಕ್ಷಿಣದ ಮೊಟ್ಟಮೊದಲ ಕಾಯಂ ಚಿತ್ರಮಂದಿರಗಳ ಸಾಲಿನಲ್ಲಿ ಅದರ ಹೆಸರಿದೆ. ಮುಂದೆ ಡಿಲೈಟ್ ಅನ್ನಿಸಿಕೊಂಡಿತು, ಈಚೆಗೆ ಕೆಡವಿಯೂ ಆಯಿತು. ಈ ಊರಿನ ಎಷ್ಟು ತಲೆಮಾರಿನ ಜೋಡಿಗಳು ಆ ಕತ್ತಲೆಯಲ್ಲಿ ಕೈ ಹಿಡಿದಿರಬೇಕು! ನಮ್ಮ ಪಾಲಿಗೆ ಬಂದದ್ದು ಹನ್ನೊಂದು ಗಂಟೆಯ ಬಿಸಿಲು ಮತ್ತು ರಸ್ತೆಯ ಹೆಸರು.

ಹಳೇ ಪೇಟೆಯಲ್ಲಿ ಗುಟ್ಟಾಗಿ ತಿರುಗುತ್ತೇವೆ ಅಂದುಕೊಂಡರೆ ಅದು ನಿಮ್ಮ ಭ್ರಮೆ. ಮಾಲ್‌ನಲ್ಲಿ ಇಡೀ ದಿನ ಕಳೆದರೂ ಯಾರೂ ಕೇಳುವುದಿಲ್ಲ. ಇಲ್ಲಿ ಹೂ ಮಾರುವವಳು, ಚಿನ್ನ ಕರಗಿಸುವವನು, ಮಾರ್ವಾಡಿ ಅಂಗಡಿಯ ಸೇಠು, ಎಲ್ಲರೂ ಅವನನ್ನು ಹೆಸರು ಹಿಡಿದು ಕರೆದು ನನ್ನನ್ನು ಮೇಲಿಂದ ಕೆಳಗೆ ನೋಡುವವರೇ. ನಾವು ಶುಕ್ರವಾರಪೇಟೆಗೆ ಕಾಲಿಡುವ ಹೊತ್ತಿಗೆ ಸುದ್ದಿ ಆಗಲೇ ಮನೆ ತಲುಪಿತ್ತು. ಹಂಚಿನ ಮನೆಯ ಜಗಲಿಯಲ್ಲಿ ಅವನ ಅಜ್ಜಿ ಕಾಲು ಚಾಚಿ, ವೀಳ್ಯದೆಲೆಯ ತೊಟ್ಟು ಮುರಿಯುತ್ತಾ ಕೂತಿದ್ದರು. ಅಪ್ಪಟ ಕನ್ನಡದಲ್ಲಿ ಊರು ಕೇಳಿದರು, ಮನೆತನ ಕೇಳಿದರು, ಅಪ್ಪನ ಕೆಲಸ, ಆಮೇಲೆ ಸಂಬಳ, ಅದೂ ನನ್ನದು. ಕೊನೆಗೆ ಎಲೆಗೆ ಸುಣ್ಣ ಸವರುತ್ತಾ, ‘ಮೈಸೂರಲ್ಲಿ ಚೌಡೇಶ್ವರಿಗೆ ನಡಕೋತೀರಾ?’ ಅಂದರು. ಚಾಮುಂಡಿಗೆ ಅಂದೆ. ‘ಅಕ್ಕ ತಂಗಿ, ಪರವಾಗಿಲ್ಲ’ ಅಂದರು. ನಾನು ಪಾಸೋ ಫೇಲೋ ಅವರ ಮುಖ ನೋಡಿ ತಿಳಿಯಲಿಲ್ಲ. ಕಾಫಿ ಮಾತ್ರ ಹಿತ್ತಾಳೆ ಡಬರಾದಲ್ಲಿ ಬಂತು.

ಕಾಫಿ ಹಿಡಿದ ಅವನ ಮುಂಗೈ ಮೇಲೆ ಸಣ್ಣ ಗೀರುಗಳು ಕಂಡದ್ದು ಆಗಲೇ. ರಾಜಬೀದಿಯ ರಾಮಲಿಂಗ ಚೌಡೇಶ್ವರಿ ಗುಡಿಗೆ ವಿಜಯದಶಮಿಯ ದಿನ ದೇವಾಂಗರ ಗಂಡಸರು ಮೆರವಣಿಗೆಯಲ್ಲಿ ಬರುತ್ತಾರೆ, ಕತ್ತಿಯಿಂದ ಎದೆಗೂ ತೋಳಿಗೂ ಹೊಡೆದುಕೊಳ್ಳುತ್ತಾ, ‘ವೇಸುಕೋ ತಾಯೇ, ತೀಸುಕೋ ತಾಯೇ’ ಎಂದು ಕೂಗುತ್ತಾ. ಗಾಯಕ್ಕೆ ತಿರುಮಂಜನದ ಪುಡಿ ಹಚ್ಚಿ ಮುಂದೆ ನಡೆಯುವುದು. ಊರು ತಮಿಳು, ಮನೆಮಾತು ಕನ್ನಡ, ಕೂಗು ತೆಲುಗು. ತಾಯಿಗೆ ಮೂರೂ ತಿಳಿಯುತ್ತದೆ ಅಂತ ಕಾಣುತ್ತದೆ. ಇಷ್ಟು ಹೊತ್ತು ಇಸವಿ ಒಪ್ಪಿಸಿದವನು ಇದರ ಬಗ್ಗೆ ಒಂದು ಅಂಕಿಯನ್ನೂ ಹೇಳಲಿಲ್ಲ. ‘ಅದು ನೋಯಲ್ಲಂಗ’ ಅಂದು ತೋಳು ಮಡಿಸಿಕೊಂಡ. ಆ ಬೆಳಗಿನಲ್ಲಿ ನಾನು ಅವನನ್ನು ಗೇಲಿ ಮಾಡದೆ ಬಿಟ್ಟದ್ದು ಅಲ್ಲೊಂದೇ ಕಡೆ.

ಬಸ್ ಸ್ಟಾಪಿನವರೆಗೂ ಕಾಂಗೇಯಂ ದನಗಳ ಕೀರ್ತನೆ. ಕೊಂಬು ಹೀಗೆ, ಇಣಿ ಹಾಗೆ, ಜಲ್ಲಿಕಟ್ಟಿಗೂ ಸೈ, ಬರಗಾಲದಲ್ಲಿ ಒಣಹುಲ್ಲು ತಿಂದೂ ಗಾಡಿ ಎಳೆಯುತ್ತದೆ ಇತ್ಯಾದಿ. ಕರು ಹುಟ್ಟುವಾಗ ಕೆಂಪಗಿರುತ್ತದಂತೆ, ಆರು ತಿಂಗಳಾಗುವ ಹೊತ್ತಿಗೆ ಬೂದು ಬಣ್ಣಕ್ಕೆ ತಿರುಗುತ್ತದಂತೆ. ‘ನಿಮ್ಮ ಕಡೆ ಹುಡುಗರೂ ಹಾಗೇನಾ?’ ಅಂತ ಕೇಳಿದೆ. ನೋಡಬೇಕಿತ್ತು ನೀವು, ಹುಡುಗ ನಿಂತಲ್ಲೇ ಕರುವಿನ ಮೊದಲ ಬಣ್ಣಕ್ಕೆ ಬಂದ.

ಅಮ್ಮ ರಾತ್ರಿ ಫೋನ್ ಮಾಡಿ ಎಷ್ಟು ಮಾರ್ಕ್ಸ್ ಕೊಟ್ಟೆ ಅಂದಳು. ನೂರಕ್ಕೆ ಅರವತ್ತು ಅಂದೆ. ಹುಟ್ಟುಹಬ್ಬ ಕೇಳದ್ದಕ್ಕೆ ಇಪ್ಪತ್ತು ಹೋಯಿತು, ಇಡೀ ಬೆಳಗ್ಗೆ ಒಂದು ರೂಪಾಯಿಯ ಕಡಲೆಕಾಯಿಯನ್ನೂ ಕೊಡಿಸದ್ದಕ್ಕೆ ಇನ್ನಿಪ್ಪತ್ತು. ನೀವು ಯಾರನ್ನಾದರೂ ಕರೆದುಕೊಂಡು ಈ ಪೇಟೆ ಸುತ್ತುವವರಾದರೆ ಬೆಳಗ್ಗೆ ಏಳಕ್ಕೇ ಹೊರಡಿ, ಹೀಲ್ಸ್ ಹಾಕಬೇಡಿ, ದೀಪಾವಳಿಯ ಹಿಂದಿನ ವಾರ ಒಪ್ಪಣಕಾರ ಬೀದಿಯ ಕಡೆ ತಲೆಯಿಟ್ಟೂ ಮಲಗಬೇಡಿ. ಮತ್ತೆ, ಜಗಲಿಯಲ್ಲಿ ಅಜ್ಜಿ ಕೂತಿದ್ದರೆ ಸಂಬಳವನ್ನು ಸ್ವಲ್ಪ ಕಡಿಮೆಯೇ ಹೇಳಿ.