ಭಾನುವಾರದ ಚೀಟ್ ಡೇ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಆರು ದಿನ ಡಯಟ್, ಏಳನೆಯ ದಿನ ಬಾಯಿಗೆ ಬಂದದ್ದೆಲ್ಲ ಊಟ ಎಂಬ ಸಾಧನವನ್ನು ನೀವು ಆರಿಸಿಕೊಂಡಿದ್ದೀರಿ. ದುಡ್ಡು ಕೊಟ್ಟು ತಂದದ್ದಲ್ಲವಾದ್ದರಿಂದ ಹಿಂದಿರುಗಿಸುವ ಪ್ರಶ್ನೆಯಿಲ್ಲ. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ದೋಸೆ ಆಗಲೇ ಕಾವಲಿಯ ಮೇಲಿದ್ದರೆ ಲೆಕ್ಕದ ಭಾಗವನ್ನಾದರೂ ಓದಿ.

ತಯಾರಕರು

ಸಾಧನ ಅಮೆರಿಕದ್ದು. 1999ರಲ್ಲಿ ಬಿಲ್ ಫಿಲಿಪ್ಸ್ ಅವರ ‘ಬಾಡಿ ಫಾರ್ ಲೈಫ್’ ಪುಸ್ತಕ ವಾರಕ್ಕೊಂದು ದಿನ ಬಿಡುವು ಕೊಟ್ಟಿತು. 2010ರಲ್ಲಿ ಟಿಮ್ ಫೆರಿಸ್ ತಮ್ಮ ‘ದಿ ಫೋರ್ ಅವರ್ ಬಾಡಿ’ಯಲ್ಲಿ ಅದಕ್ಕೆ ಶನಿವಾರವನ್ನು ಗೊತ್ತುಮಾಡಿದರು. ಡ್ವೇನ್ ಜಾನ್ಸನ್ ಎಂಬ ಕುಸ್ತಿಪಟು ನಟ ತಮ್ಮ ಪ್ಯಾನ್‌ಕೇಕು, ಪಿಜ್ಜಾ, ಸುಶಿಗಳ ಚಿತ್ರ ತೋರಿಸತೊಡಗಿದ ಮೇಲೆ ಬೇರೆ ಜಾಹೀರಾತೇ ಬೇಕಾಗಲಿಲ್ಲ. ಆದರೆ ಆ ಮೈ ನೂರು ಕಿಲೋ ಮೀರಿದ್ದು, ಬಹುಪಾಲು ಮಾಂಸಖಂಡ, ಭಾರ ಎತ್ತುವುದೇ ಅದರ ದಿನಚರಿ. ಸಾಧನ ನಮ್ಮ ಊರಿಗೆ ಬರುವ ದಾರಿಯಲ್ಲಿ ಭಾರ ಎತ್ತುವ ಭಾಗ ಎಲ್ಲೋ ಬಿದ್ದುಹೋಯಿತು, ತಟ್ಟೆಗಳು ಮಾತ್ರ ಸುರಕ್ಷಿತವಾಗಿ ತಲುಪಿದವು. ಶನಿವಾರವೂ ಭಾನುವಾರವಾಯಿತು. ಶನಿವಾರ ಆಂಜನೇಯನದು, ವೆಂಕಟರಮಣನದು. ಎಷ್ಟೋ ಮನೆಗಳಲ್ಲಿ ಅಂದು ಒಪ್ಪತ್ತು, ಬಾಡಂತೂ ಬೇಯುವುದೇ ಇಲ್ಲ.

ಅಳವಡಿಸುವ ಮೊದಲು

ಗೋಡೆಯ ಮೇಲಿನ ಕ್ಯಾಲೆಂಡರ್ ಇಳಿಸಿಕೊಳ್ಳಿ. ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿಯ ಹೋಳಿಗೆ, ಮಾರನೆಯ ದಿನ ವರ್ಷತೊಡಕಿನ ಬಾಡೂಟ. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಕೃಷ್ಣಾಷ್ಟಮಿಯ ಚಕ್ಕುಲಿ ಉಂಡೆ. ಅದು ಮುಗಿಯುವಷ್ಟರಲ್ಲಿ ಗೌರಿ ಗಣೇಶ, ಕಡುಬು. ನವರಾತ್ರಿ, ದೀಪಾವಳಿ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಚಳಿ ಬಿದ್ದರೆ ಅವರೆಕಾಳು. ಇದರ ನಡುವೆ ಮದುವೆ, ಆರತಕ್ಷತೆ, ಬೀಗರೂಟ, ಗೃಹಪ್ರವೇಶ, ನಾಮಕರಣ, ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕು. ಆಷಾಢದಲ್ಲಿ ಮದುವೆಯಿಲ್ಲ ಎಂದು ಉಸಿರು ಬಿಡೋಣವೆಂದರೆ ಚಾಮುಂಡಿ ಬೆಟ್ಟದ ಶುಕ್ರವಾರಗಳು, ಪ್ರಸಾದದ ದೊನ್ನೆಗಳು.

ಇವೆಲ್ಲ ನಿಮ್ಮ ಮನೆಯಲ್ಲಿ ಮೊದಲೇ ಅಳವಡಿಸಿರುವ ಚೀಟ್ ಡೇಗಳು. ಮೇಲೊಂದು ಹೊಸದನ್ನು ಜೋಡಿಸಿದರೆ ಹಳೆಯವು ತಾವಾಗಿ ಕಳಚಿಕೊಳ್ಳುವುದಿಲ್ಲ. ಪುಸ್ತಕ ಬರೆದವರಿಗೆ ನಮ್ಮ ಪಂಚಾಂಗ ಗೊತ್ತಿರಲಿಲ್ಲ, ಅವರನ್ನು ದೂರಬೇಡಿ. ಗೊತ್ತಿದ್ದೂ ಭಾನುವಾರಕ್ಕೆ ಮೀಸಲು ಕೇಳುವ ನಮ್ಮನ್ನು ಏನೆನ್ನಬೇಕು?

ಲೆಕ್ಕ

ಈ ಭಾಗವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುತ್ತದೆ, ಹೋಗಬೇಡಿ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಪ್ರಕಾರ, ಕೂತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ ಬೇಕು. 55 ಕಿಲೋ ತೂಕದ ಹೆಂಗಸಿಗೆ 1,660. ಮೈ ದೊಡ್ಡದಿದ್ದರೆ ಇನ್ನಷ್ಟು ಬೇಕಾಗುತ್ತದೆ, ಆದರೆ ಲೆಕ್ಕಕ್ಕೆ ಇದೇ ಇರಲಿ. ಒಂದು ಕಿಲೋ ಮೈಕೊಬ್ಬು ಕರಗಲು ಹತ್ತಿರ ಹತ್ತಿರ 7,700 ಕ್ಯಾಲೊರಿಯ ಕೊರತೆ ಬೀಳಬೇಕು ಎಂಬುದು 1958ರಲ್ಲಿ ಮ್ಯಾಕ್ಸ್ ವಿಷ್ನಾಫ್ಸ್ಕಿ ಎಂಬ ವೈದ್ಯರು ಹಾಕಿದ ಲೆಕ್ಕದಿಂದ ಬಂದದ್ದು. ಮೈ ಇಳಿದಂತೆ ಅದರ ಬೇಡಿಕೆಯೂ ಇಳಿಯುವುದರಿಂದ ಇದು ತಿಂಗಳುಗಟ್ಟಲೆ ಅಕ್ಷರಶಃ ನಡೆಯುವುದಿಲ್ಲ. ಒಂದು ವಾರದ ಜಮಾಖರ್ಚಿಗೆ ಧಾರಾಳವಾಗಿ ಸಾಕು.

ಗಂಡ ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದ ಎನ್ನಿ. ಅನ್ನಕ್ಕೆ ಎರಡನೆಯ ಸಲ ಕೈ ಚಾಚಲಿಲ್ಲ, ಕಾಫಿಗೆ ಸಕ್ಕರೆ ಬಿಟ್ಟ, ನಾಲ್ಕು ಗಂಟೆಯ ಬೋಂಡಾದ ಕಡೆ ಕಣ್ಣೆತ್ತಲಿಲ್ಲ. ಆರು ದಿನಕ್ಕೆ 3,000 ಉಳಿತಾಯ, ಎಂದರೆ 390 ಗ್ರಾಂ ಕೊಬ್ಬು. ಚೆನ್ನಾಗಿಯೇ ಇದೆ.

ಭಾನುವಾರ ಬೆಳಗ್ಗೆ ಎರಡು ಬೆಣ್ಣೆ ಮಸಾಲೆ, ಒಂದು ಉದ್ದಿನ ವಡೆ, ಕಾಫಿ. ಮಧ್ಯಾಹ್ನ ದೊನ್ನೆ ಬಿರಿಯಾನಿ, ಜೊತೆಗೆ ಕಬಾಬ್. ಸಂಜೆ ಗೋಬಿ ಮಂಚೂರಿ, ಇನ್ನೊಂದು ಕಾಫಿ, ಎರಡು ತುಂಡು ಮೈಸೂರು ಪಾಕು. ರಾತ್ರಿ ಅಡುಗೆ ಯಾರು ಮಾಡುತ್ತಾರೆಂದು ಪಿಜ್ಜಾ, ಐಸ್‌ಕ್ರೀಮು. ಹೋಟೆಲಿನಿಂದ ಹೋಟೆಲಿಗೆ ಬೆಣ್ಣೆ, ಎಣ್ಣೆಯ ಅಳತೆ ಬೇರೆ; ಆದರೂ ಮಧ್ಯೆ ಮಧ್ಯೆ ಖಾರದ ಡಬ್ಬಿಗೆ ಕೈ ಹಾಕಿದ್ದನ್ನೂ ಸೇರಿಸಿದರೆ 4,500 ಕ್ಯಾಲೊರಿ ಏನೂ ಉತ್ಪ್ರೇಕ್ಷೆಯಲ್ಲ. ದಿನದ ಖರ್ಚು 2,110 ಕಳೆಯಿರಿ. ಉಳಿದ 2,390 ಆರು ದಿನದ 3,000ಕ್ಕೆ ಬಾಯಿ ಹಾಕುತ್ತದೆ. ಕೈಗೆ ಸಿಗುವುದು 610, ಎಂದರೆ 80 ಗ್ರಾಂ ಕೊಬ್ಬು.

ಹೆಂಡತಿಯ ಪಾಡು ಕೇಳಿ. ಅವಳಿಗೆ ದಿನಕ್ಕೆ ಬೇಕಾದದ್ದೇ 1,660. ಅದರಲ್ಲಿ 400 ಉಳಿಸಿದರೂ ಆರು ದಿನಕ್ಕೆ 2,400. ಭಾನುವಾರ ಗಂಡನಿಗೆ ಸರಿಸಮನಾಗಿ ಕೂತು ತಿಂದಳೋ, ಹೆಚ್ಚಾದದ್ದು 2,840. ಆರು ದಿನದ ಉಳಿತಾಯವೆಲ್ಲ ಕರಗಿ, ವಾರದ ಕೊನೆಗೆ ಸುಮಾರು 57 ಗ್ರಾಂ ಏರಿಕೆ. ಇಬ್ಬರೂ ಒಂದೇ ನಿಯಮ ಪಾಲಿಸಿ, ಅವನು ಇಳಿದ, ಇವಳು ಏರಿದಳು. ಅದರ ಮೇಲೆ ‘ನಿಂಗೆ ಮನಸ್ಸು ಗಟ್ಟಿ ಇಲ್ಲ ಕಣೆ’ ಎಂಬ ಉಪದೇಶ ಬೇರೆ. ತಪ್ಪು ಮನಸ್ಸಿನದಲ್ಲ, ಕಳೆಯುವ ಲೆಕ್ಕದ್ದು. ಚಿಕ್ಕ ಮೈಗೆ ದೊಡ್ಡ ಹಬ್ಬ ಯಾವತ್ತೂ ದುಬಾರಿ.

ನಡೆದು ಕರಗಿಸುತ್ತೇನೆ ಎನ್ನುವವರಿಗೆ: 65–70 ಕಿಲೋ ತೂಕದವರು ಒಂದು ಕಿಲೋಮೀಟರ್ ನಡೆದರೆ ಖರ್ಚಾಗುವುದು 50 ಕ್ಯಾಲೊರಿಯ ಆಸುಪಾಸು. ಒಂದು ಬೆಣ್ಣೆ ಮಸಾಲೆಗೆ ಎಂಟು ಕಿಲೋಮೀಟರ್. ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಗಾಂಧಿ ಬಜಾರು ಅಷ್ಟು ದೂರವಿಲ್ಲ.

ದೋಷ ಪತ್ತೆ: ಸೋಮವಾರದ ತೂಕ

ಸೋಮವಾರ ಬೆಳಗ್ಗೆ ಯಂತ್ರದ ಮೇಲೆ ನಿಂತರೆ ಒಂದೂವರೆ, ಎರಡು ಕಿಲೋ ಹೆಚ್ಚು ತೋರಿಸುತ್ತದೆ. ಯಂತ್ರ ಕೆಟ್ಟಿಲ್ಲ, ನೀವೂ ಕೆಟ್ಟಿಲ್ಲ. ಎರಡು ಕಿಲೋ ಕೊಬ್ಬು ಕೂಡಬೇಕಾದರೆ ಖರ್ಚು ಕಳೆದು 15,400 ಕ್ಯಾಲೊರಿ ಹೆಚ್ಚಾಗಿ ತಿನ್ನಬೇಕು. ಬಕಾಸುರನನ್ನು ಬಿಟ್ಟು ಉಳಿದವರಿಗೆ ಒಂದೇ ದಿನದಲ್ಲಿ ಅದು ಸಾಧ್ಯವಿಲ್ಲ. ಅನ್ನ, ದೋಸೆ, ಸಿಹಿಗಳ ಸಕ್ಕರೆಯನ್ನು ಮೈ ಗ್ಲೈಕೋಜೆನ್ ಎಂಬ ರೂಪದಲ್ಲಿ ಯಕೃತ್ತು, ಮಾಂಸಖಂಡಗಳಲ್ಲಿ ತುಂಬಿಡುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೋಟೆಲಿನ ಉಪ್ಪು, ಹಪ್ಪಳ, ಉಪ್ಪಿನಕಾಯಿ ಇನ್ನಷ್ಟು ನೀರು ಹಿಡಿಯುತ್ತವೆ. ಭಾನುವಾರದ ಊಟವೇ ಇನ್ನೂ ಕರುಳಿನಲ್ಲಿ ಪ್ರಯಾಣದಲ್ಲಿರುತ್ತದೆ. ಬುಧವಾರ, ಗುರುವಾರದ ಹೊತ್ತಿಗೆ ಇದರಲ್ಲಿ ಬಹುಪಾಲು ಇಳಿಯುತ್ತದೆ.

ಇಳಿದದ್ದನ್ನು ನೋಡಿ ‘ಚೀಟ್ ಡೇ ಆದಮೇಲೆ ನಂಗೆ ತೂಕ ಸರ್ರನೆ ಇಳಿಯುತ್ತೆ’ ಎನ್ನುವವರಿದ್ದಾರೆ. ಇಳಿದದ್ದು ನೀರು. ಆದ್ದರಿಂದ ತೂಕವನ್ನು ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಬರಿಹೊಟ್ಟೆಯಲ್ಲಿ ನೋಡಿ. ಶುಕ್ರವಾರ ಪ್ರಶಸ್ತ, ಗಾಂಧಿ ಬಜಾರಿನ ದೋಸೆಯ ವಿದ್ಯಾರ್ಥಿ ಭವನಕ್ಕೂ ಅಂದು ರಜೆ.

ದೋಷ ಪತ್ತೆ: ‘ಮೆಟಬಾಲಿಸಂಗೆ ಒಂದು ಏಟು ಕೊಡಬೇಕು’

ಜಿಮ್ಮಿನ ಹುಡುಗರ ಬಾಯಲ್ಲಿ ಇದನ್ನು ಕೇಳಿರುತ್ತೀರಿ. ಪೂರಾ ಸುಳ್ಳಲ್ಲ, ಅದೇ ತೊಂದರೆ. 1994ರಲ್ಲಿ ಜೆಫ್ರಿ ಫ್ರೀಡ್ಮನ್ ಅವರ ಪ್ರಯೋಗಾಲಯ ಲೆಪ್ಟಿನ್ ಎಂಬ ಹಾರ್ಮೋನನ್ನು ಪತ್ತೆಹಚ್ಚಿತು. ಕೊಬ್ಬಿನ ಕೋಶಗಳು ಅದನ್ನು ಸ್ರವಿಸುತ್ತವೆ, ಊಟ ಕಡಿಮೆಯಾದರೆ ಅದು ಇಳಿಯುತ್ತದೆ, ಹಸಿವು ಏರುತ್ತದೆ. ಹೊಟ್ಟೆತುಂಬ ತಿಂದರೆ ಲೆಪ್ಟಿನ್ ಮತ್ತೆ ಏರುತ್ತದೆ ಎಂಬುದೂ ನಿಜ. ಮೂರು ದಿನ ಅಗತ್ಯಕ್ಕಿಂತ ಶೇಕಡಾ 40ರಷ್ಟು ಹೆಚ್ಚು ಪಿಷ್ಟ, ಸಕ್ಕರೆ ತಿನ್ನಿಸಿ ಹೆಂಗಸರ ಮೇಲೆ ನಡೆಸಿದ ಒಂದು ಪ್ರಯೋಗದಲ್ಲಿ ಲೆಪ್ಟಿನ್ನೂ ಏರಿತು, ಮೈಯ ಖರ್ಚೂ ಏರಿತು. ಎಷ್ಟು? ಶೇಕಡಾ 7. ತಿಂದದ್ದು ಶೇಕಡಾ 40 ಹೆಚ್ಚು, ಸುಟ್ಟದ್ದು ಶೇಕಡಾ 7 ಹೆಚ್ಚು. ಇಂಥ ವ್ಯಾಪಾರವನ್ನು ಯಾವ ಶೆಟ್ಟರೂ ಒಪ್ಪುವುದಿಲ್ಲ.

ಬಿಡುವೇ ಬೇಡ ಎಂದೂ ಅಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವಾರ ಡಯಟ್, ಎರಡು ವಾರ ಬಿಡುವು ಎಂದು ಸರದಿ ಮಾಡಿದ ಗಂಡಸರು, ಒಂದೇ ಸಮನೆ ಡಯಟ್ ಮಾಡಿದವರಿಗಿಂತ ಹೆಚ್ಚು ತೂಕ ಇಳಿಸಿದರು. ಈ ಸುದ್ದಿ ನಮ್ಮ ಕಡೆ ಹಬ್ಬುವಾಗ ಒಂದು ಸಣ್ಣ ವಿವರ ಉದುರಿಹೋಗುತ್ತದೆ: ಬಿಡುವಿನಲ್ಲಿ ಅವರು ತಿಂದದ್ದು ಮೈಗೆ ಬೇಕಾದಷ್ಟೇ, ಅಳೆದು ಕೊಟ್ಟದ್ದು. ಪಿಜ್ಜಾ ಉತ್ಸವವೇನೂ ನಡೆಯಲಿಲ್ಲ.

ಒಂದು ಊಟ ಇಡೀ ದಿನವಾಗುವುದು ಹೇಗೆ

1975ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮಿನ ರುಚಿ ನೋಡಿ ಹೇಳಿ ಎಂದು ಕೂರಿಸಿದರು. ಸಾಮಾನ್ಯರು ಹೊಟ್ಟೆ ತುಂಬಿದೆಯೆಂದು ಐಸ್‌ಕ್ರೀಮು ಕಡಿಮೆ ತಿಂದರು. ಸದಾ ಡಯಟ್ ಗುಂಗಿನಲ್ಲಿರುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನು ಇನ್ನೂ ಹೆಚ್ಚು ತಿಂದರು. ಮುಳುಗಿದವನಿಗೆ ಚಳಿಯೇನು, ಮಳೆಯೇನು ಎಂಬ ನಮ್ಮ ಗಾದೆಯನ್ನು ಅವರು ಪ್ರಯೋಗಾಲಯದಲ್ಲಿ ತೋರಿಸಿದರು ಅಷ್ಟೆ. ಬೆಳಗಿನ ದೋಸೆಯಿಂದ ಯಾರೂ ದಪ್ಪಗಾಗುವುದಿಲ್ಲ. ‘ಹೇಗೂ ಇವತ್ತು ಚೀಟ್ ಡೇ’ ಎಂದು ರಾತ್ರಿ ಹನ್ನೊಂದಕ್ಕೆ ಫ್ರಿಜ್ಜಿನ ಬಾಗಿಲು ತೆಗೆಸುವ ‘ಹೇಗೂ’ ಇದೆಯಲ್ಲ, ಖರ್ಚು ಅದರದ್ದು.

ಹಳೆಯ ಮಾದರಿ

ನಮ್ಮಲ್ಲಿ ಇದಕ್ಕೆ ತಿರುಗುಮುರುಗಾದ ಒಂದು ಸಾಧನ ಮೊದಲಿನಿಂದ ಇತ್ತು. ದಿನವೂ ಸಾದಾ ಊಟ, ನಡುನಡುವೆ ಒಂದು ಹಗುರ ದಿನ: ಒಪ್ಪತ್ತು, ಏಕಾದಶಿ. ಮಾಧ್ವರ ಮನೆಗಳಲ್ಲಿ ಏಕಾದಶಿ ಎಂದರೆ ಹಿರಿಯರಿಗೆ ತೊಟ್ಟು ನೀರೂ ಇಲ್ಲ. ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪು, ನೆಲ್ಲಿಕಾಯಿ, ಹುಣಿಸೆಯಿಲ್ಲದ ಅಡುಗೆ. ಉಪವಾಸದ ಮರುದಿನ ಹೊಟ್ಟೆಯನ್ನು ಮೆಲ್ಲಗೆ ಎಬ್ಬಿಸುವ ಊಟ ಅದು.

ಹಳೆಯದೆಲ್ಲ ಚಿನ್ನ ಎಂದು ಹೊರಟರೆ ಈ ಕೈಪಿಡಿಯ ಮರ್ಯಾದೆ ಹೋಗುತ್ತದೆ. ಬಾಕಿ ಮನೆಗಳ ಒಪ್ಪತ್ತಿನ ರಾತ್ರಿ ‘ಬರೀ ಫಲಾಹಾರ’ ಎಂದು ತುಪ್ಪ ಸುರಿದ ಉಪ್ಪಿಟ್ಟು, ಸಬ್ಬಕ್ಕಿ ವಡೆ, ಬಾಳೆಹಣ್ಣಿನ ರಸಾಯನ ಬರುತ್ತವೆ. ಊಟದ ಚಮಚದಲ್ಲಿ ಒಂದು ಚಮಚ ತುಪ್ಪಕ್ಕೆ 120 ಕ್ಯಾಲೊರಿ. ಅದು ದೇವರ ಹೆಸರಿನಲ್ಲಿ ಬಿದ್ದರೂ ಅಷ್ಟೇ. ಮುದ್ದೆ ಉಂಡರೆ ತೂಕ ಇಳಿಯುತ್ತದೆ ಎಂಬ ನಂಬಿಕೆಗೂ ಇದೇ ಮಾತು: ನೂರು ಗ್ರಾಂ ರಾಗಿಯಲ್ಲಿ 320 ಚಿಲ್ಲರೆ ಕ್ಯಾಲೊರಿ, ಅಕ್ಕಿಗಿಂತ ತುಸು ಕಡಿಮೆ ಅಷ್ಟೆ. ಮುದ್ದೆಯ ಗುಣ ಬೇರೆ, ಅದರ ಜೊತೆಗೆ ಬರುವ ಬಾಡಿನ ಸಾರಿನ ಮೇಲೆ ತೇಲುವ ಎಣ್ಣೆಯ ಗುಣವೇ ಬೇರೆ.

ಸರಿಯಾದ ಬಳಕೆ

ದಿನವನ್ನು ಬಿಡಿ, ಒಂದು ಊಟ ಇಟ್ಟುಕೊಳ್ಳಿ. ಉಳಿದ ಹೊತ್ತಿನಲ್ಲಿ ಎಂದಿನಂತೆ ತಿಂದು, ವಾರಕ್ಕೊಮ್ಮೆ ಒಂದು ಊಟ 600 ಕ್ಯಾಲೊರಿ ಹೆಚ್ಚಾದರೂ ದಿನಕ್ಕೆ 500ರ ಕೊರತೆಯಲ್ಲಿ ವಾರದ ಉಳಿತಾಯ 2,900. ಸುಮಾರು 375 ಗ್ರಾಂ. ದೋಸೆಗೆ ದೋಸೆಯೂ ಆಯಿತು. ಆ ಊಟ ಹೋಟೆಲಿನಲ್ಲೋ ನೆಂಟರ ಮನೆಯಲ್ಲೋ ಆದರೆ ವಾಸಿ. ಎದ್ದು ಬಂದ ಮೇಲೆ ಉಳಿದದ್ದು ಅಲ್ಲೇ ಉಳಿಯುತ್ತದೆ. ವಾರದಲ್ಲಿ ಮದುವೆಯೋ ಹಬ್ಬವೋ ಬಂದರೆ ಅದೇ ಆ ವಾರದ ಊಟ, ಭಾನುವಾರದ್ದು ರದ್ದು. ಈ ನಿಯಮವನ್ನು ಮೊದಲು ಒಪ್ಪಿಕೊಳ್ಳುವವರು ಬಹಳ, ಪಾಲಿಸುವವರು ಕಡಿಮೆ. ಆರು ದಿನವೂ ಭಾನುವಾರಕ್ಕಾಗಿ ಬಾಯಿ ಬಿಡುತ್ತಿದ್ದೀರಾದರೆ ಕೆಟ್ಟಿರುವುದು ನಿಮ್ಮ ಸೋಮವಾರ. ಅಲ್ಲಿಗೆ ಎರಡು ಇಡ್ಲಿ ಸೇರಿಸಿ.

ಯಾರು ಬಳಸಬಾರದು

ಇಲ್ಲಿ ತಮಾಷೆಯಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಆರು ದಿನ ಇಳಿಸಿ ಒಂದು ದಿನ ಏರಿಸುವ ಊಟವನ್ನು ವೈದ್ಯರನ್ನು ಕೇಳದೆ ಶುರುಮಾಡಬಾರದು. ಔಷಧಿಯ ಪ್ರಮಾಣ ಊಟಕ್ಕೆ ತಕ್ಕಂತೆ ಇಟ್ಟದ್ದು. ತಿನ್ನಲು ಕೂತರೆ ನಿಲ್ಲಿಸಲಾಗದವರು, ಕದ್ದು ತಿನ್ನುವವರು, ತಿಂದದ್ದಕ್ಕೆ ಪ್ರಾಯಶ್ಚಿತ್ತವೆಂದು ಮರುದಿನ ಪೂರ್ತಿ ಉಪವಾಸ ಬೀಳುವವರು ಈ ಸಾಧನದ ಹತ್ತಿರ ಸುಳಿಯಬಾರದು. ಅದು ನಾಲಗೆಯ ಚಪಲವಲ್ಲ, ಚಿಕಿತ್ಸೆಯಿರುವ ಕಾಯಿಲೆಯಾಗಿರಬಹುದು. ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಬಡಿಸುವವರಿಗೆ ಪ್ರತ್ಯೇಕ ಸೂಚನೆ

ಪಂಕ್ತಿಯಲ್ಲಿ ಬಾಗಿ, ‘ಅಯ್ಯೋ, ಒಂದೇ ಒಂದು ಹಾಕಿಸ್ಕೊಳ್ಳಿ ಭಾವ, ನಮ್ಮನೇಲಿ ಎಂಥ ಡಯಟ್ಟು’ ಎನ್ನುವವರೇ, ನಿಮ್ಮ ಕೈಯ ಆ ಒಂದೇ ಒಂದು ಹೋಳಿಗೆಗೆ ತುಪ್ಪವೂ ಸೇರಿ 300ರ ಹತ್ತಿರ ಕ್ಯಾಲೊರಿ. ಭಾವನವರು ಆಗಲೇ ಒಂದು ತಿಂದಿದ್ದಾರೆ, ಚೆನ್ನಾಗಿದೆ ಎಂದೂ ಹೇಳಿದ್ದಾರೆ. ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ದಯವಿಟ್ಟು ಪಕ್ಕದ ಎಲೆಗೆ ಹೋಗಿ.