ಅಭ್ಯರ್ಥಿ ಪ್ರಮಾಣ ದೀಪಿಕೆ

(ಅರ್ಥಾತ್, 2012ರ ರಿಪಬ್ಲಿಕನ್ ಪ್ರೈಮರಿಯಲ್ಲಿ ಕನ್ಸರ್ವೇಟಿವ್ ಮತದಾರನಿಗೆ ನಿಜವಾದ ಅಭ್ಯರ್ಥಿಯ ಜ್ಞಾನ ಉಂಟಾದ ಬಗೆಯ ಸಶಾಸ್ತ್ರ ನಿರೂಪಣೆ)

ಉಪೋದ್ಘಾತ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಬಾಕಿ ತೀರಿಸಬೇಕು: ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ.

ವಿಷಯವೆಂದರೆ, ಬರಾಕ್ ಒಬಾಮಾ ಎದುರು ನಿಲ್ಲಿಸಲು ಅಮೆರಿಕದ ರಿಪಬ್ಲಿಕನ್ ಪಕ್ಷವು 2011ರ ಬೇಸಿಗೆಯಿಂದ 2012ರ ಬೇಸಿಗೆಯವರೆಗೆ ನಡೆಸಿದ ಹುರಿಯಾಳಿನ ಹುಡುಕಾಟ. ಅಧಿಕಾರಿಯೆಂದರೆ, ತೆರಿಗೆ ಏರಬಾರದು, ಸರ್ಕಾರ ಊದಬಾರದು, ಗರ್ಭಪಾತ ನಿಲ್ಲಬೇಕು, ಬಂದೂಕು ಮನೆಯಲ್ಲೇ ಇರಬೇಕು ಎಂಬ ಸಾಧನ ಚತುಷ್ಟಯದಿಂದ ಸಂಪನ್ನನಾದ ಕನ್ಸರ್ವೇಟಿವ್ ಮತದಾರ. ಇವೆರಡಕ್ಕೂ ಸಂಬಂಧ ಕಲ್ಪಿಸುವುದು ಪ್ರೈಮರಿ. ನಮ್ಮಲ್ಲಿ ಬಿ-ಫಾರಂ ದೆಹಲಿಯಿಂದ ಇಳಿಯುತ್ತದೆ. ಕಾರ್ಯಕರ್ತನಿಗೆ ಉಳಿಯುವುದು ಭಕ್ತಿಮಾರ್ಗ, ಇಲ್ಲವೇ ಬಂಡಾಯ. ಅಲ್ಲಿ ರಾಜ್ಯ ರಾಜ್ಯದ ಸಾಮಾನ್ಯ ಮತದಾರನೇ ಮತ ಹಾಕಿ ಪ್ರತಿನಿಧಿಗಳನ್ನು ಗಳಿಸಿಕೊಡಬೇಕು. ಆ ಸಲ 2,286 ಪ್ರತಿನಿಧಿಗಳಲ್ಲಿ 1,144 ಮಂದಿಯನ್ನು ಕೂಡಿಸಿದವರೇ ಅಭ್ಯರ್ಥಿ. ಹೀಗಾಗಿ ಅಲ್ಲಿಯವನಿಗೆ ಜ್ಞಾನಮಾರ್ಗ ತಪ್ಪಿದ್ದಲ್ಲ. ಇನ್ನು ಪ್ರಯೋಜನ: ಸೋತ ಮೇಲೆ ಯಾರನ್ನು ಬೈಯಬೇಕೆಂಬ ನಿಶ್ಚಯಜ್ಞಾನ.

ಪ್ರಮೇಯ, ಅಂದರೆ ಅಳೆಯಬೇಕಾದ ವಸ್ತು, ಮಿಟ್ ರಾಮ್ನಿ. ಮಸಾಚುಸೆಟ್ಸ್‌ನ ಮಾಜಿ ಗವರ್ನರ್, ಸಿರಿವಂತ, ಕೂದಲು ಸದಾ ಸ್ವಸ್ಥಾನದಲ್ಲಿರುವವರು. ಆದರೆ 2006ರಲ್ಲಿ, ರಾಜ್ಯದ ಜನ ಆರೋಗ್ಯ ವಿಮೆ ಮಾಡಿಸಲೇಬೇಕೆಂಬ ಕಾನೂನಿಗೆ ಸಹಿ ಹಾಕಿದ್ದರು. ಮುಂದೆ ಒಬಾಮಾ ತಂದ ಕಾನೂನಿಗೆ ಅದೇ ಮಾದರಿಯಾಯಿತು. ಒಬಾಮಾ ಕಾನೂನನ್ನು ಕಿತ್ತೊಗೆಯಲು ಆ ಬೀಜ ಬಿತ್ತಿದವರನ್ನೇ ಕಳಿಸುವುದು ಹೇಗೆ ಎಂಬುದು ಮತದಾರನ ಮೂಲಸಂಶಯ. ಸಂಶಯವಿಲ್ಲದೆ ಶಾಸ್ತ್ರವಿಲ್ಲ.

ಚಾರ್ವಾಕನಿಗೆ ಒಂದೇ ಪ್ರಮಾಣ ಸಾಕು. ಬೌದ್ಧನಿಗೆ ಎರಡು, ನೈಯಾಯಿಕನಿಗೆ ನಾಲ್ಕು, ಕುಮಾರಿಲ ಭಟ್ಟನ ಮೀಮಾಂಸಕರಿಗೆ ಆರು. ಆ ಸಲ ಎಲ್ಲರಿಗಿಂತ ಮೊದಲು ಮತ ಹಾಕಿದ ಅಯೋವಾ ರಾಜ್ಯದ ಮತದಾರ ಒಂದನ್ನೂ ಬಿಡುವವನಲ್ಲವಾದ್ದರಿಂದ ಅವನನ್ನು ಭಾಟ್ಟ ಪಂಥಕ್ಕೆ ಸೇರಿಸಿದ್ದೇವೆ.

1. ಪ್ರತ್ಯಕ್ಷ

ಇಂದ್ರಿಯಕ್ಕೂ ವಸ್ತುವಿಗೂ ಸಂಪರ್ಕವಾದಾಗ ಹುಟ್ಟುವುದು ಪ್ರತ್ಯಕ್ಷ ಜ್ಞಾನ. ಪ್ರೈಮರಿಯಲ್ಲಿ ಈ ಸಂಪರ್ಕಕ್ಕೆ ಹಸ್ತಲಾಘವ ಎಂದು ಹೆಸರು. ಕೈ ಕುಲುಕದವರಿಗೆ ಅಯೋವಾದವರು ಮತ ಹಾಕರೆಂಬುದು ಪ್ರಸಿದ್ಧಿ. ರಾಮ್ನಿಯ ಪ್ರತಿಸ್ಪರ್ಧಿ ರಿಕ್ ಸ್ಯಾಂಟೋರಮ್ ತೋಳಿಲ್ಲದ ಸ್ವೆಟರ್ ತೊಟ್ಟು, ಪಿಕಪ್ ಟ್ರಕ್ಕಿನಲ್ಲಿ ಕೂತು, ಅಲ್ಲಿನ 99 ಕೌಂಟಿಗಳನ್ನೂ ಸುತ್ತಿದರು.

ಆದರೆ ಪ್ರತ್ಯಕ್ಷಕ್ಕೆ ಭ್ರಮೆಯ ಭಯ ಇದ್ದೇ ಇದೆ. ಕಪ್ಪೆಚಿಪ್ಪು ಬೆಳ್ಳಿಯಾಗಿ ಕಾಣುತ್ತದೆ. 2011ರ ಆಗಸ್ಟ್ 13ರಂದು ಅಯೋವಾದ ಏಮ್ಸ್ ಪಟ್ಟಣದಲ್ಲಿ ನಡೆದ ಅಣಕು ಮತದಾನದಲ್ಲಿ ಮಿಶೆಲ್ ಬಾಕ್ಮನ್ 4,823 ಮತ ಪಡೆದು ಮೊದಲಿಗರಾದರು. ಮತ ಹಾಕಲು 30 ಡಾಲರ್ ಟಿಕೆಟ್ಟು. ಮತದಾರನ ಪರವಾಗಿ ಅದನ್ನು ಕೊಳ್ಳುತ್ತಿದ್ದವರು ಬಹುಮಟ್ಟಿಗೆ ಅಭ್ಯರ್ಥಿಗಳೇ. ಐದು ತಿಂಗಳೊಳಗೆ, ಟಿಕೆಟ್ಟಿಲ್ಲದ ನಿಜವಾದ ಮತದಾನದಲ್ಲಿ, ಬಾಕ್ಮನ್ ಆರನೆಯವರಾಗಿ ಮರುದಿನವೇ ಕಣದಿಂದ ಹೊರನಡೆದರು. ಬೆಳ್ಳಿಗೆ ದುಡ್ಡು ಕೊಟ್ಟವರು ಅವರೇ ಆದ್ದರಿಂದ ಉಳಿದವರಿಗೆ ನಷ್ಟವಿಲ್ಲ.

ಆ ನಿಜವಾದ ಮತದಾನವೂ ಕಣ್ಣಿಗೆ ನೆಟ್ಟಗೆ ಬೀಳಲಿಲ್ಲ. 2012ರ ಜನವರಿ 3ರ ರಾತ್ರಿ ಕಳೆಯುವ ಹೊತ್ತಿಗೆ ರಾಮ್ನಿ 8 ಮತಗಳಿಂದ ಗೆದ್ದರೆಂದರು. ಎರಡು ವಾರ ಕಳೆದ ಮೇಲೆ ಸ್ಯಾಂಟೋರಮ್ 34 ಮತ ಮುಂದಿದ್ದಾರೆಂದರು. ಜೊತೆಗೆ ಎಂಟು ಮತಗಟ್ಟೆಗಳ ಲೆಕ್ಕ ಸಿಗುತ್ತಿಲ್ಲವೆಂದರು. ಆಗಸ್ಟಿನಲ್ಲಿ ಟ್ಯಾಂಪಾ ಮಹಾಧಿವೇಶನದಲ್ಲಿ ನೋಡಿದರೆ ಅಯೋವಾದ 28 ಪ್ರತಿನಿಧಿಗಳಲ್ಲಿ 22 ಮಂದಿ ಮೂರನೆಯವರಾಗಿದ್ದ ರಾನ್ ಪಾಲ್ ಪರ ನಿಂತಿದ್ದರು. ಒಂದೇ ಚುನಾವಣೆ, ಮೂವರು ವಿಜೇತರು. ಅದ್ವೈತಿ ಇದನ್ನು ಮಾಯೆ ಎಂದಾನು. ಪಕ್ಷದ ಕಚೇರಿಯವರು ಎಣಿಕೆ ಎಂದರು.

2. ಅನುಮಾನ

ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಸಮೀಕ್ಷೆಯಿಂದ ಗೆಲುವನ್ನು ಊಹಿಸುವುದು ಅನುಮಾನ. ಮಧ್ಯಮಮಾರ್ಗಿಗಳ ವಾದ ಹೀಗೆ: ರಾಮ್ನಿ ಗೆಲ್ಲುತ್ತಾರೆ (ಪ್ರತಿಜ್ಞೆ), ಯಾರನ್ನೂ ಹೆದರಿಸುವುದಿಲ್ಲವಾದ್ದರಿಂದ (ಹೇತು), ಹೆದರಿಸಿದವರು ಸೋಲುತ್ತಾರೆ, ಆರೇ ರಾಜ್ಯ ಗೆದ್ದ 1964ರ ಗೋಲ್ಡ್‌ವಾಟರ್‌ರಂತೆ (ಉದಾಹರಣೆ). ಶುದ್ಧಮಾರ್ಗಿಗಳ ವಾದ ಹೀಗೆ: ರಾಮ್ನಿ ಸೋಲುತ್ತಾರೆ, ಯಾರನ್ನೂ ಹುರಿದುಂಬಿಸುವುದಿಲ್ಲವಾದ್ದರಿಂದ, 1996ರ ಡೋಲ್‌ರಂತೆ, 2008ರ ಮೆಕೇನ್‌ರಂತೆ. ಎರಡು ಹೇತುಗಳೂ ಸಮಬಲದವು, ಎರಡಕ್ಕೂ ಉದಾಹರಣೆಯುಂಟು. ಇದಕ್ಕೆ ನ್ಯಾಯಶಾಸ್ತ್ರದಲ್ಲಿ ಸತ್ಪ್ರತಿಪಕ್ಷವೆಂಬ ಹೇತ್ವಾಭಾಸ ಎನ್ನುತ್ತಾರೆ, ಟಿವಿಯಲ್ಲಿ ಚರ್ಚಾಕೂಟ ಎನ್ನುತ್ತಾರೆ.

ಈ ಜಗಳ ಬಿಡಿಸಲೆಂದೇ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯ ಸ್ಥಾಪಕ ವಿಲಿಯಂ ಬಕ್ಲಿ 1967ರಲ್ಲಿ ಒಂದು ಸೂತ್ರ ಕೊಟ್ಟಿದ್ದರು: ಗೆಲ್ಲಬಲ್ಲವರ ಪೈಕಿ ಅತ್ಯಂತ ಬಲಪಂಥೀಯನನ್ನು ಆರಿಸಿ. ಸೂತ್ರವನ್ನು ಒಪ್ಪದವರಿಲ್ಲ. ಮೊದಲರ್ಧವನ್ನು ರಾಮ್ನಿ ಕಡೆಯವರು ಓದಿದರು, ಉತ್ತರಾರ್ಧವನ್ನು ಉಳಿದವರು ಓದಿದರು. ಭಾಷ್ಯ ಕೇಳೋಣವೆಂದರೆ ಸೂತ್ರಕಾರರು 2008ರಲ್ಲೇ ತೀರಿಕೊಂಡಿದ್ದರು.

3. ಉಪಮಾನ

ಹಸುವಿನಂತಿರುವುದು ಗವಯ ಎಂದು ಕೇಳಿಕೊಂಡು ಕಾಡಿಗೆ ಹೋದವನು ಅಲ್ಲಿ ಅಂಥದ್ದೊಂದು ಪ್ರಾಣಿಯನ್ನು ಕಂಡು ಇದೇ ಗವಯ ಎಂದು ತಿಳಿಯುವುದು ಉಪಮಾನ. ರಿಪಬ್ಲಿಕನ್ ಕಾಡಿನಲ್ಲಿ ಹಸುವಿನ ಸ್ಥಾನ ರೊನಾಲ್ಡ್ ರೇಗನ್‌ರದು. 2011ರ ಸೆಪ್ಟೆಂಬರ್ 7ರ ಚರ್ಚೆಯನ್ನು ಅವರ ಸ್ಮಾರಕ ಗ್ರಂಥಾಲಯದಲ್ಲೇ ಏರ್ಪಡಿಸಿದ್ದು, ಹೋಲಿಸಿ ನೋಡಲು ದೂರ ಹೋಗಬೇಕಾಗದಿರಲೆಂದು ತಿಳಿಯತಕ್ಕದ್ದು.

ಪೂರ್ವಪಕ್ಷಿ ಕೇಳುತ್ತಾನೆ: ರೇಗನ್ 1962ರವರೆಗೆ ಡೆಮಾಕ್ರಟ್ ಆಗಿದ್ದವರಲ್ಲವೇ? ಕ್ಯಾಲಿಫೋರ್ನಿಯಾ ಗವರ್ನರ್ ಆಗಿ 1967ರಲ್ಲಿ ಗರ್ಭಪಾತದ ನಿರ್ಬಂಧ ಸಡಿಲಿಸಿದ ಕಾನೂನಿಗೆ ಸಹಿ ಹಾಕಲಿಲ್ಲವೇ? ಅಧ್ಯಕ್ಷರಾಗಿ 1981ರಲ್ಲಿ ಇಳಿಸಿದ ತೆರಿಗೆಯಲ್ಲಿ ಸ್ವಲ್ಪವನ್ನು 1982ರಲ್ಲಿ ಮತ್ತೆ ಏರಿಸಲಿಲ್ಲವೇ? 1986ರಲ್ಲಿ ದಾಖಲೆಯಿಲ್ಲದ ಲಕ್ಷಾಂತರ ವಲಸಿಗರಿಗೆ ದಾರಿ ತೆರೆಯಲಿಲ್ಲವೇ? ಹೌದು, ಎಲ್ಲವೂ ಹೌದು. 2011ರ ಆಗಸ್ಟ್ 11ರಂದು ಏಮ್ಸ್ ಚರ್ಚೆಯಲ್ಲಿ ಒಂದು ಪ್ರಶ್ನೆ ಬಂತು: ಹತ್ತು ಡಾಲರ್ ಖರ್ಚು ಕಡಿತಕ್ಕೆ ಒಂದು ಡಾಲರ್ ತೆರಿಗೆ ಏರಿಕೆ ಎಂಬ ಒಪ್ಪಂದ ಸಿಕ್ಕರೂ ತಿರಸ್ಕರಿಸುವವರು ಕೈಯೆತ್ತಿ. ವೇದಿಕೆಯ ಎಂಟೂ ಮಂದಿ ಕೈಯೆತ್ತಿದರು. ಒಂಬತ್ತನೆಯವರಾಗಿ 1982ರ ರೇಗನ್ ನಿಂತಿದ್ದರೆ ಅವರೊಬ್ಬರ ಕೈ ಕೆಳಗಿರುತ್ತಿತ್ತು, ಮರುದಿನ ಅವರ ಠೇವಣಿಯೂ. ಸಿದ್ಧಾಂತ: ಗವಯ ಹಸುವನ್ನು ಹೋಲಬೇಕು, ಹಸು ಹಸುವನ್ನು ಹೋಲಬೇಕೆಂಬ ನಿಯಮವಿಲ್ಲ.

4. ಶಬ್ದ

ಆಪ್ತರ ಮಾತೇ ಶಬ್ದಪ್ರಮಾಣ. ಆಗ ಈ ಪಂಥದ ಆಪ್ತರು ಇಬ್ಬರು: ಮಧ್ಯಾಹ್ನದ ರೇಡಿಯೋದಲ್ಲಿ ರಶ್ ಲಿಂಬಾ, ತೆರಿಗೆ ಏರಿಸೆನೆಂಬ ಪ್ರತಿಜ್ಞಾಪತ್ರ ಹಿಡಿದು ನಿಂತ ಗ್ರೋವರ್ ನಾರ್ಕ್ವಿಸ್ಟ್. ಪ್ರಮುಖ ಅಭ್ಯರ್ಥಿಗಳಲ್ಲಿ ಆ ಪತ್ರಕ್ಕೆ ಸಹಿ ಹಾಕದವರು ಜಾನ್ ಹಂಟ್ಸ್‌ಮನ್ ಒಬ್ಬರೇ. ಚರ್ಚೆಯ ನಡುವೆ ಚೀನೀ ಭಾಷೆಯನ್ನೂ ಆಡಿ ತೋರಿಸಿದ ಮೇಲೆ ಅವರ ಉದ್ಧಾರ ಸಾಧ್ಯವಿರಲಿಲ್ಲ.

ಶಬ್ದ ನಿತ್ಯವೆಂದು ಮೀಮಾಂಸಕರು, ಅನಿತ್ಯವೆಂದು ನೈಯಾಯಿಕರು ಶತಮಾನಗಳಿಂದ ಕಾದಾಡುತ್ತ ಬಂದಿದ್ದಾರೆ. ಇದನ್ನು ಇತ್ಯರ್ಥ ಮಾಡಿದ ಕೀರ್ತಿ ರಾಮ್ನಿ ಪಾಳೆಯಕ್ಕೆ ಸಲ್ಲಬೇಕು. ಫೆಬ್ರುವರಿ 10ರಂದು ಕನ್ಸರ್ವೇಟಿವ್‌ಗಳ ಸಮ್ಮೇಳನದಲ್ಲಿ ರಾಮ್ನಿ ತಾವು ಅತಿ ತೀವ್ರ ಕನ್ಸರ್ವೇಟಿವ್ ಗವರ್ನರ್ ಆಗಿದ್ದುದಾಗಿ ಘೋಷಿಸಿದರು. ಮಾರ್ಚ್ 21ರಂದು ಅವರ ಸಲಹೆಗಾರರೊಬ್ಬರು ಟಿವಿಯಲ್ಲಿ, ಪ್ರೈಮರಿ ಮುಗಿದ ಮೇಲೆ ಪ್ರಚಾರವನ್ನು ಎಚ್-ಎ-ಸ್ಕೆಚ್ ಆಟಿಕೆಯಂತೆ ಅಲ್ಲಾಡಿಸಿ ಅಳಿಸಿ ಹೊಸದಾಗಿ ಬರೆಯಬಹುದೆಂದರು. ಸ್ಯಾಂಟೋರಮ್ ಮತ್ತು ನ್ಯೂಟ್ ಗಿಂಗ್ರಿಚ್ ಆ ಆಟಿಕೆಯನ್ನೇ ಕೈಯಲ್ಲಿ ಹಿಡಿದು ಸಭೆಗಳಲ್ಲಿ ತೋರಿಸಿದರು. ನೈಯಾಯಿಕರಿಗೆ ಜಯವಾಯಿತು; ಆಟಿಕೆ ಕಂಪನಿಯ ಷೇರಿಗೂ.

5. ಅರ್ಥಾಪತ್ತಿ

ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು. ಇದು ಅರ್ಥಾಪತ್ತಿ. ಅಮೆರಿಕದ ಕಾನೂನಿನ ಪ್ರಕಾರ ಆ ಸಲ ಒಬ್ಬ ವ್ಯಕ್ತಿ ಒಂದು ಚುನಾವಣೆಗೆ ಒಬ್ಬ ಅಭ್ಯರ್ಥಿಗೆ ಕೊಡಬಹುದಾಗಿದ್ದುದು 2,500 ಡಾಲರ್. ಹಗಲಿನ ಊಟ ಅಷ್ಟೇ. ಆದರೂ ಅಭ್ಯರ್ಥಿಗಳು ಸೊರಗಲಿಲ್ಲ.

ರಾತ್ರಿಯೂಟದ ಏರ್ಪಾಡು 2010ರ ನ್ಯಾಯಾಲಯದ ತೀರ್ಪುಗಳಿಂದ ಆದದ್ದು. ಸೂಪರ್ ಪ್ಯಾಕ್ ಎಂಬ ಅಡುಗೆಮನೆಗೆ ಯಾರು ಎಷ್ಟು ಬೇಕಾದರೂ ಸುರಿಯಬಹುದು. ಅಭ್ಯರ್ಥಿ ಮಾತ್ರ ಒಲೆಯ ಕಡೆ ತಿರುಗಿಯೂ ನೋಡಿರಬಾರದು. ರಾಮ್ನಿಯ ಮಾಜಿ ಸಹಾಯಕರು ನಡೆಸಿದ ‘ರಿಸ್ಟೋರ್ ಅವರ್ ಫ್ಯೂಚರ್’ ಅಯೋವಾದಲ್ಲಿ ಗಿಂಗ್ರಿಚ್‌ರ ಮೇಲೆ ಜಾಹೀರಾತಿನ ಮಳೆ ಸುರಿಸಿತು. ಗಿಂಗ್ರಿಚ್ ಪರದ ಅಡುಗೆಮನೆಗೆ ಜೂಜುಕಟ್ಟೆಗಳ ಒಡೆಯ ಶೆಲ್ಡನ್ ಅಡೆಲ್ಸನ್ ದಂಪತಿ ಜನವರಿಯೊಂದರಲ್ಲೇ ಒಂದು ಕೋಟಿ ಡಾಲರ್ ಹಾಕಿದರು. ಹಾಗಿದ್ದರೂ ತಾವು ಉಂಡಿಲ್ಲವೆಂದು ದೇವದತ್ತರೆಲ್ಲರೂ ಆಣೆ ಮಾಡಬಲ್ಲವರಾಗಿದ್ದರು.

6. ಅನುಪಲಬ್ಧಿ

ವಸ್ತು ಕಾಣದಿರುವುದರಿಂದಲೇ ಅದರ ಅಭಾವವನ್ನು ತಿಳಿಯುವುದು ಅನುಪಲಬ್ಧಿ. ಇದರ ಶ್ರೇಷ್ಠ ಉದಾಹರಣೆ 2011ರ ನವೆಂಬರ್ 9ರಂದು ಮಿಷಿಗನ್‌ನಲ್ಲಿ ದೊರೆಯಿತು. ಟೆಕ್ಸಸ್ ಗವರ್ನರ್ ರಿಕ್ ಪೆರ್ರಿ ತಾವು ಮುಚ್ಚಲಿರುವ ಮೂರು ಸರ್ಕಾರಿ ಇಲಾಖೆಗಳನ್ನು ಎಣಿಸತೊಡಗಿದರು: ವಾಣಿಜ್ಯ, ಶಿಕ್ಷಣ... ಮೂರನೆಯದು ಸಿಗಲಿಲ್ಲ. ಬೆರಳು ಇತ್ತು, ಇಲಾಖೆ ಇರಲಿಲ್ಲ. ಪಕ್ಕದವರು ಕೊಟ್ಟ ಸೂಚನೆಯೂ ಫಲಿಸಲಿಲ್ಲ. ಕೊನೆಗೆ ಪೆರ್ರಿ ಕ್ಷಮೆ ಕೇಳಿ ಕೈಬಿಟ್ಟರು.

ಅಭಾವವೂ ಒಂದು ಪದಾರ್ಥವೆಂದು ವೈಶೇಷಿಕರು ಹೇಳಿದಾಗ ನಕ್ಕವರುಂಟು. ಆ ಮೂರನೆಯದು ಇಂಧನ ಇಲಾಖೆ. 2017ರ ಮಾರ್ಚಿನಲ್ಲಿ ಪೆರ್ರಿ ಅದೇ ಇಲಾಖೆಯ ಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಸಿದ್ಧಾಂತ: ನೇತಿ ನೇತಿ

ಆರೂ ಪ್ರಮಾಣಗಳು ಕೈಕೊಟ್ಟಲ್ಲಿ ಉಳಿಯುವುದು ನಿಷೇಧಮಾರ್ಗ. ಕನ್ಸರ್ವೇಟಿವ್ ಮತದಾರನಿಗೆ ತನಗೆ ಯಾರು ಬೇಕೆಂದು ತಿಳಿದಿರಲಿಲ್ಲ; ಯಾರು ಬೇಡವೆಂದು ಚೆನ್ನಾಗಿ ತಿಳಿದಿತ್ತು. ‘ರಾಮ್ನಿ ಅಲ್ಲದವರು’ ಎಂಬುದೇ ಅವನ ಇಷ್ಟದೈವ. ಆ ಪೀಠಕ್ಕೆ ಒಬ್ಬೊಬ್ಬರನ್ನಾಗಿ ಏರಿಸಿ ನೋಡಿದ.

ಆಗಸ್ಟಿನಲ್ಲಿ ಬಾಕ್ಮನ್: ಅಲ್ಲ. ಸೆಪ್ಟೆಂಬರಿನಲ್ಲಿ ಪೆರ್ರಿ: ಮಾತಾಡುವವರೆಗೆ ಹೌದು, ಆಮೇಲೆ ಅಲ್ಲ. ಅಕ್ಟೋಬರಿನಲ್ಲಿ ಪಿಟ್ಜಾ ಕಂಪನಿಯ ಮಾಜಿ ಮುಖ್ಯಸ್ಥ ಹರ್ಮನ್ ಕೇನ್. ಆದಾಯಕ್ಕೆ ಶೇ. 9, ವ್ಯಾಪಾರ ಸಂಸ್ಥೆಗೆ ಶೇ. 9, ಮಾರಾಟಕ್ಕೆ ಶೇ. 9 ಎಂಬ ಅವರ ತೆರಿಗೆ ಯೋಜನೆ ಮಂತ್ರದಂತೆ ಜಪಕ್ಕೆ ಒದಗಿತು. ಡಿಸೆಂಬರ್ 3ಕ್ಕೆ ಜಪ ನಿಂತಿತು. ಆಮೇಲೆ ಗಿಂಗ್ರಿಚ್: ದಕ್ಷಿಣ ಕೆರೊಲಿನಾ ಗೆದ್ದು, ನಾಲ್ಕೇ ದಿನಕ್ಕೆ ಫ್ಲಾರಿಡಾದಲ್ಲಿ ನಿಂತು, ತಮ್ಮ ಎರಡನೆಯ ಅವಧಿ ಮುಗಿಯುವುದರೊಳಗೆ ಚಂದ್ರನ ಮೇಲೆ ಶಾಶ್ವತ ನೆಲೆ ಕಟ್ಟುವುದಾಗಿ ಹೇಳಿದರು. ಭೂಮಿಯ ಮೇಲಿನ ಫ್ಲಾರಿಡಾ ರಾಮ್ನಿಯ ಪಾಲಾಯಿತು. ಫೆಬ್ರುವರಿ 7ರಂದು ಒಂದೇ ದಿನ ಮೂರು ರಾಜ್ಯ ಗೆದ್ದು ಸ್ಯಾಂಟೋರಮ್ ಬಂದರು. ಏಪ್ರಿಲ್‌ನಲ್ಲಿ ಅವರೂ ಹೊರಟರು.

ಇಲ್ಲೊಂದು ಸೂಕ್ಷ್ಮವಿದೆ. ಉಪನಿಷತ್ತಿನ ಋಷಿಗೆ ಎಲ್ಲವನ್ನೂ ನಿರಾಕರಿಸಿದ ಮೇಲೆ ಉಳಿಯುವುದೇ ಬ್ರಹ್ಮವೆಂದು ಗೊತ್ತಿತ್ತು. ನಮ್ಮ ಮತದಾರ ಒಬ್ಬರನ್ನು ತಪ್ಪಿಸಲು ಹೊರಟು ಉಳಿದವರನ್ನೆಲ್ಲ ನಿರಾಕರಿಸಿದ. ಮೇ 29ರಂದು ಟೆಕ್ಸಸ್ ಮತ ಹಾಕಿದಾಗ 1,144 ದಾಟಿ ನಿಂತ ನಿರಾಕಾರ, ನಿರ್ಗುಣ, ನಿರ್ವಿಕಾರ ವಸ್ತುವನ್ನು ನೋಡಿದ. ಕೂದಲು ಸ್ವಸ್ಥಾನದಲ್ಲೇ ಇತ್ತು.

ಫಲಶ್ರುತಿ

ನವೆಂಬರ್ 6ರಂದು ರಾಮ್ನಿಗೆ 206 ಎಲೆಕ್ಟರ್‌ಗಳು, ಒಬಾಮಾಗೆ 332. ಸೆಪ್ಟೆಂಬರಿನಲ್ಲಿ ಹೊರಬಿದ್ದ ವಿಡಿಯೋದಲ್ಲಿ ರಾಮ್ನಿ, ಏನೇ ಆದರೂ ಒಬಾಮಾಗೇ ಮತ ಹಾಕುವವರು ಶೇ. 47 ಮಂದಿ ಎಂದಿದ್ದರು. ರಾಮ್ನಿಗೆ ಬಿದ್ದ ಮತ ಶೇ. 47.2. ಸಂಖ್ಯೆ ಸರಿ, ಅನ್ವಯ ಮಾತ್ರ ತಿರುಗುಮುರುಗು. ಬಲಕ್ಕೆ ಸಾಲದೆ ಸೋತರೆಂದು ಶುದ್ಧಮಾರ್ಗಿಗಳು, ಬಲಕ್ಕೆ ಎಳೆದದ್ದರಿಂದ ಸೋತರೆಂದು ಮಧ್ಯಮಮಾರ್ಗಿಗಳು ನಿರ್ಣಯಿಸಿ, ಇಬ್ಬರೂ ಪೂರ್ಣ ಸಮಾಧಾನದಿಂದ ಮನೆಗೆ ಹೋದರು.

ಆದರೆ ಕುಮಾರಿಲರ ಇನ್ನೊಂದು ಸಿದ್ಧಾಂತವನ್ನು ಈ ಗ್ರಂಥ ಇದುವರೆಗೆ ಮುಟ್ಟಿಲ್ಲ: ಸ್ವತಃಪ್ರಾಮಾಣ್ಯ. ಅರಿವು ತಾನೇ ತನಗೆ ಪ್ರಮಾಣ. ಬಾಧಕ ಬರುವವರೆಗೆ ಅದಕ್ಕೆ ಇನ್ನೊಂದರ ಸಾಕ್ಷಿ ಬೇಡ. 2016ರಲ್ಲಿ ಮತದಾರ ಅಳೆಯುವ ಕೋಲುಗಳನ್ನೆಲ್ಲ ಅಟ್ಟಕ್ಕೆ ಎಸೆದು, ಹಿಂದೆ ಡೆಮಾಕ್ರಟ್ ಎಂದು ನೋಂದಾಯಿಸಿಕೊಂಡಿದ್ದ, ರೇಗನ್‌ರನ್ನು ಯಾವ ಮಗ್ಗುಲಿನಿಂದಲೂ ಹೋಲದ ಡೊನಾಲ್ಡ್ ಟ್ರಂಪ್‌ರನ್ನು ಆರಿಸಿದ. 2012ರಲ್ಲಿ ಟ್ರಂಪ್‌ರ ಬೆಂಬಲ ಪಡೆದಿದ್ದ ರಾಮ್ನಿಯೇ ಎದ್ದುನಿಂತು ಈ ಮನುಷ್ಯ ನಕಲಿ ಎಂದಾಗ, ಅದು ಶಬ್ದಪ್ರಮಾಣವೆಂದು ಯಾರೂ ಗಣಿಸಲಿಲ್ಲ. 2020ರಲ್ಲಿ ಸೋಲೆಂಬ ಬಾಧಕ ಬಂತು. ಅಭ್ಯರ್ಥಿ ಅದನ್ನು ಒಪ್ಪಲಿಲ್ಲ. 2024ರ ಪ್ರೈಮರಿ ಚರ್ಚೆಗಳಲ್ಲಿ ಪ್ರತಿಸ್ಪರ್ಧಿಗಳು ಸಾಲಾಗಿ ನಿಂತು ಪರೀಕ್ಷೆಗೆ ಒಡ್ಡಿಕೊಂಡರು. ಟ್ರಂಪ್ ಒಂದಕ್ಕೂ ಹೋಗದೆ ಅಭ್ಯರ್ಥಿಯಾದರು.